ಇಡೀ ಮೆಣಸಿನಕಾಯಿ

ಒಲೆಯ ಪಕ್ಕದ ತಟ್ಟೆ ಖಾಲಿಯಿತ್ತು. ಝೆಲ್ಮಾ ಅದನ್ನೇ ನೋಡಿದಳು. ತೆಂಗಿನ ಹಾಲಿನಲ್ಲಿ ಮೀನು, ಮರಗೆಣಸು, ಬಾಳೆಕಾಯಿ ಬೇಯುವಾಗ ಆ ರೊಂಡೋನ್ ಸಾರಿನ ಮೇಲೆ ಹಳದಿ ಬಣ್ಣದ ಒಂದು ಇಡೀ ಗುಂಡು ಮೆಣಸಿನಕಾಯಿ ತೇಲಬೇಕು, ಘಮಕ್ಕಷ್ಟೇ. ಬಡಿಸುವ ಮೊದಲು ಅಜ್ಜಿ ಅದನ್ನೆತ್ತಿ ಈ ತಟ್ಟೆಗಿಡುತ್ತಾಳೆ. ಕಡಲತೀರದ ಈ ಊರು ಕಾವೀತಾದ ಮನೆಮನೆಯಲ್ಲೂ ಇದೇ ಕ್ರಮ. ಇವತ್ತು ಎತ್ತಿಲ್ಲ.

ಮೇಜಿನೆದುರು ಎಸ್ಕೊ ಕೂತಿದ್ದ. ಸಮುದ್ರ ನೋಡಲು ಫಿನ್ಲೆಂಡಿನಿಂದ ಬಂದವನು ಝೆಲ್ಮಾಳನ್ನು ನೋಡಿದ್ದ. ಅವನು ಈ ಊರಿಗೆ ಬಂದದ್ದು ಇದು ಮೂರನೆಯ ಸಲ, ಈ ಬಾರಿ ಮದುವೆಯ ಮಾತಿಗೆ. ಊರೆಲ್ಲ ಮಿಸ್ ಅರ್ಡಿತ್ ಎಂದು ಕರೆಯುವ ಅಜ್ಜಿ ಹೂಂ ಅನ್ನಬೇಕು. "ಮೊದಲು ನನ್ನ ರೊಂಡೋನ್ ಉಣ್ಲಿ, ಆಮೇಲೆ ಮಾತು" ಅಂದಿದ್ದಳು.

ಎಸ್ಕೊನ ಚಮಚದಲ್ಲಿ ಹಳದಿಯದೇನೋ ಗುಂಡಗೆ ಕೂತಿತ್ತು. ಝೆಲ್ಮಾ ಬಾಯಿ ತೆರೆಯುವಷ್ಟರಲ್ಲಿ ಅವನು ಬಾಯಿ ಮುಚ್ಚಿ ಅಗಿದಾಗಿತ್ತು. ಮೊದಲು ಕಿವಿ ಕೆಂಪಾಯಿತು, ಆಮೇಲೆ ಕತ್ತು. ಕಣ್ಣೀರು ಗಡ್ಡಕ್ಕಿಳಿಯಿತು.

"ಹೇಗಿದೆಯಪ್ಪಾ?" ಅಜ್ಜಿ ಕೇಳಿದಳು.

"ತುಂಬಾ... ಚೆನ್ನಾಗಿದೆ."

"ಖಾರ?"

"ಇಲ್ಲವೇ ಇಲ್ಲ."

"ಇನ್ನೊಂದು ಸೌಟು ಹಾಕ್ಲಾ?"

"ಹಾಕಿ ಅಜ್ಜಿ."

ಝೆಲ್ಮಾ ಅಜ್ಜಿಯನ್ನು ಅಡುಗೆಮನೆಗೆ ಎಳೆದೊಯ್ದಳು. "ಮರೆತುಹೋಯ್ತಾ, ಇಲ್ಲಾ ಬೇಕಂತಾನೇ ಬಿಟ್ಟಿದ್ದಾ?"

"ಬೇಕಂತಾನೇ. ನಿಮ್ಮಪ್ಪ ಹೆಣ್ಣು ಕೇಳೋಕೆ ಬಂದಾಗ ಅವನಿಗೂ ಹಾಕಿದ್ದೆ. ಬಟ್ಟಲು ಎಸೆದು ಅಂಗಳದ ತುಂಬಾ ಕುಣಿದ. ಒಳ್ಳೇ ಮನುಷ್ಯ. ಇವನನ್ನ ನೋಡು, ನಾಲಿಗೆ ಸುಟ್ರೂ ನಗ್ತಾನೆ. ನಾಳೆ ನಿನ್ನ ಮೇಲೆ ಸಿಟ್ಟು ಬಂದ್ರೂ ಹೀಗೇ ನಗ್ತಾನೆ. ನಿನಗೆ ಗೊತ್ತಾಗೋದಾದ್ರೂ ಹೇಗೆ? ಬೇಡ ಕಣೇ, ಈ ಹುಡುಗ ಬೇಡ."

ಝೆಲ್ಮಾ ಓಡಿಬಂದಳು. ರೊಂಡೋನ್ ತುಂಬಿದ ಸೌಟು ಹಿಡಿದು ಅಜ್ಜಿ ಹಿಂದೆಯೇ ಬಂದಳು. "ಎಸ್ಕೊ, ನಿಜ ಹೇಳಿಬಿಡು," ಎಂದಳು ಝೆಲ್ಮಾ. " ಏನಿದ್ರೂ ಹೇಳು."

ಅವನು ಮೂಗೊರೆಸಿಕೊಂಡ. "ಸತ್ತೇ ಹೋದೆ ಅಂದ್ಕೊಂಡೆ ಅಜ್ಜಿ. ಬಾಯಲ್ಲಿ ನಾಲಿಗೆ ಇದೆಯೋ ಇಲ್ವೋ, ಅದೂ ಗೊತ್ತಾಗ್ತಿಲ್ಲ."

ಅಜ್ಜಿಯ ಮುಖ ಸಡಿಲವಾಯಿತು. ಝೆಲ್ಮಾ ಉಸಿರು ಬಿಟ್ಟಳು. ಅವನು ಅಲ್ಲಿಗೆ ಸುಮ್ಮನಾಗಿದ್ದರೆ ಸಾಕಿತ್ತು.

"ಇನ್ನೊಂದು ಮಾತು," ಅಂದ ಎಸ್ಕೊ. "ಮೆಣಸಿನಕಾಯಿ ಬಾಯಿಗೆ ಬರೋಕೆ ಮುಂಚೆ... ಉಪ್ಪು ಸ್ವಲ್ಪ ಜಾಸ್ತಿ ಅನ್ನಿಸ್ತು."

ಐವತ್ತು ವರ್ಷಗಳಲ್ಲಿ ಆ ಮನೆಯಲ್ಲಿ ಯಾರೂ ಆಡದ ಮಾತು ಅದು. ಝೆಲ್ಮಾ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಜ್ಜಿ ಸೌಟಿನಿಂದ ಒಂದಿಷ್ಟು ಅಂಗೈಗೆ ಹುಯ್ದುಕೊಂಡು ನೆಕ್ಕಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ನೆಕ್ಕಿದಳು.

"ನಾಳೆ ಬೆಳಗ್ಗೆ ಆರಕ್ಕೆ ಬಾ," ಎಂದಳು. "ನಾಲ್ಕು ತೆಂಗಿನಕಾಯಿ ತುರೀಬೇಕು. ಹೊರಗಿನವರ ಕೈಲಿ ನಾನು ಆ ಕೆಲಸ ಮಾಡ್ಸಲ್ಲ."