ಡಾಕ್ಟರಮ್ಮನ ಹಚ್ಚೆ

ಬಾಲ್‌ಪೆನ್ನಿನ ಶಾಯಿಯ ವಾಸನೆ ಬಂದರೆ ಇಂದಿಗೂ ನನ್ನ ಎಡಗೈ ಉರಿಯುತ್ತದೆ.

ನ್ಯಾಮತಿಯ ಕಣ್ಣಿನ ಶಿಬಿರಕ್ಕೆ ಬಂದಿದ್ದ ಪರದೇಶದ ಡಾಕ್ಟರಮ್ಮ ಅಂದು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಕೈತೊಳೆಯಲು ಅಂಗಿಯ ತೋಳು ಮಡಿಸಿದಾಗ ಅವರ ಎಡಗೈ ಮೇಲೆ ನೀಲಿ ಅಂಕಿಗಳು ಕಂಡವು. ಅಜ್ಜಿ ಹಿಗ್ಗಿ, ತನ್ನ ಹಚ್ಚೆಯ ಕೈಯನ್ನು ಅದರ ಪಕ್ಕಕ್ಕಿಟ್ಟು, “ನಿಮ್ಮಲ್ಲೂ ಹಾಕಿಸ್ಕೊಂತಾರೇನ್ರಿ? ಸತ್ತ ಮ್ಯಾಲೂ ಸಂಗಡ ಬರಾದು ಇದೊಂದೇ ನೋಡ್ರಿ” ಅಂದಳು. ಅಪ್ಪ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಡಾಕ್ಟರಮ್ಮ ಕೈತೊಳೆದು ಊಟಕ್ಕೆ ಕೂತರು.

ನಾನು ಅದೇ ಅಂಕಿಗಳನ್ನು ಪೆನ್ನಿನಿಂದ ಕೈಮೇಲೆ ಬರೆದುಕೊಂಡು ಓಡಿಬಂದು ಡಾಕ್ಟರಮ್ಮನಿಗೆ ತೋರಿಸಿದೆ. ಅವರು ಊಟ ಬಿಟ್ಟೆದ್ದು, ಕರವಸ್ತ್ರ ಒದ್ದೆ ಮಾಡಿ, ಚರ್ಮ ಕೆಂಪಾಗುವವರೆಗೆ ಉಜ್ಜಿದರು. ಉಜ್ಜುತ್ತಲೇ ಏನೋ ಹೇಳಿದರು.

ಅಪ್ಪ ತಲೆಯೆತ್ತದೆ ಅಂದರು: “ಇವರು ಯೆಹೂದಿಗಳಂತೆ. ಯುದ್ಧದಾಗೆ ಇವರ ಮಂದೀನ ಸಾಯಿಸಾಕೆ ಕೂಡಿಹಾಕಿ, ಕೈಮೇಲೆ ನಂಬರು ಹಾಕಿದ್ರಂತೆ. ಆಗ ನಿನ್ನಷ್ಟೇ ಇದ್ರಂತೆ.”

ಅಜ್ಜಿ ಸೆರಗೆಳೆದು ತನ್ನ ಹಚ್ಚೆಯನ್ನು ಮುಚ್ಚಿಕೊಂಡಳು.