ರಕ್ಷೆಯ ದಾರ

ಇಪ್ಪತ್ತೆಂಟರ ಮಗಳಿಗೆ ಪಾರ್ಶ್ವವಾಯು ಬಡಿದಿತ್ತು. ಬಲಗೈ ಏಳುತ್ತಿರಲಿಲ್ಲ, ಮಾತೂ ನಿಂತಿತ್ತು.

"ಇವಳ ರಕ್ತ ಬೇಗ ಹೆಪ್ಪುಗಟ್ಟುತ್ತೆ ಅಂತ ಹೋದ ವರ್ಷವೇ ಹೇಳಿದ್ದೆ. ನಾನು ಕೊಟ್ಟ ಮಾತ್ರೆ ಬಿಟ್ಟಿದ್ದಳಾ?" ಡಾಕ್ಟರು ಕೇಳಿದರು.

"ಅಯ್ಯೋ ಇಲ್ಲ ಸಾರ್, ನಾನೇ ಎದುರಿಗೆ ನಿಂತು ನುಂಗಿಸ್ತಿದ್ದೆ," ಎಂದರು ತಾಯಿ.

"ಬೇರೆ ಯಾವುದಾದರೂ ಮಾತ್ರೆ?"

ತಾಯಿ ತಡವರಿಸಿದರು. "ಮುಟ್ಟು ಮುಂದಕ್ಕೆ ಹೋಗಲಿ ಅಂತ ಮೆಡಿಕಲ್ ಶಾಪಿನಿಂದ ತಂದುಕೊಟ್ಟಿದ್ದೆ. ಎಲ್ಲ ಹೆಂಗಸರೂ ತಗೊಳ್ಳೋದೇ ಅಲ್ವಾ?"

ಡಾಕ್ಟರು ಕನ್ನಡಕ ತೆಗೆದರು. "ಈ ಕಾಯಿಲೆ ಇರೋರು ಅದನ್ನ ಮುಟ್ಟಲೇಬಾರದು ಅಮ್ಮಾ. ರಕ್ತ ಇನ್ನೂ ಹೆಪ್ಪುಗಟ್ಟುತ್ತೆ. ಮನೇಲಿ ಮದುವೆ ಗಿದುವೆ ಇತ್ತಾ?"

ತಾಯಿ ಮಗಳ ಎಡಗೈಗೆ ಕಟ್ಟಿದ್ದ ಕೆಂಪು ದಾರವನ್ನು ಸವರಿದರು.

"ಇಲ್ಲ ಸಾರ್. ಇವಳು ಹುಷಾರಾಗಲಿ ಅಂತ ಮೃತ್ಯುಂಜಯ ಹೋಮ ಇಟ್ಕೊಂಡಿದ್ವಿ."