ದೂರದ ದುರ್ಬೀನು

ಹತ್ತಿರದ ಗುರಿಯದ್ದನ್ನು ಬಿಟ್ಟು ದೂರದ ಗುರಿಯ ದುರ್ಬೀನನ್ನೇ ಆರಿಸಿ ತಂದಿದ್ದ ದ್ಯಾವಪ್ಪ, ಮಹಡಿಯ ಮೇಲೆ ಕೂತು ಅದನ್ನು ಕೋವಿಗೆ ಕೂರಿಸಿ ಕೊನೆಯ ಸ್ಕ್ರೂ ಬಿಗಿದ.

“ಹಂದಿ ಬೇಲಿ ತಾವ್ಕೇ ಬತ್ತವೆ. ಹತ್ರುದ್ದೇ ಸಾಕಾಗಿತ್ತು,” ಎಂದಳು ಹೆಂಡತಿ ರೇವಮ್ಮ.

“ನಿಂಗೇನ್ ಗೊತ್ತು, ಸುಮ್ಕಿರು.”

ಗೂಳೂರು ಕೆರೆಯಾಚೆಯ ಹೆಂಚಿನ ಮನೆಯ ಅಂಗಳದಲ್ಲಿ ಯಾರೋ ಬಟ್ಟೆ ಹರವುತ್ತಿದ್ದರು. ಅದು ಮಗಳು ಮಂಗಳಗೌರಿ ಸೇರಿದ ಮನೆ. ಅಪ್ಪ ಒಪ್ಪದವನನ್ನು ಅವಳು ಮದುವೆಯಾದಂದಿನಿಂದ ಇಲ್ಲಿ ಅವಳ ಹೆಸರೆತ್ತುವಂತಿರಲಿಲ್ಲ. ದ್ಯಾವಪ್ಪ ಕೋವಿಯನ್ನು ಅರ್ಧ ಎತ್ತಿ, ಬೆಚ್ಚಿ ಇಳಿಸಿದ. ಖಾಲಿಯಿದ್ದರೂ ನಳಿಗೆಯನ್ನು ಮನುಷ್ಯರತ್ತ ತಿರುಗಿಸಬಾರದು. ಆಗಷ್ಟೇ ಬಿಗಿದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ದುರ್ಬೀನನ್ನಷ್ಟೇ ಕಣ್ಣಿಗಿಟ್ಟುಕೊಂಡ. ಬಹಳ ಹೊತ್ತು ಇಳಿಸಲೇ ಇಲ್ಲ.

ರೇವಮ್ಮ ಪಕ್ಕಕ್ಕೆ ಬಂದು ನಿಂತಳು.

“ಗೌರಿ ಸೊರಗವ್ಳಾ?”